ಎಲೆ ಉದುರಿಸುವ ಡಾನ್ ರೆಡ್‌ವುಡ್: ಹಿತ್ತಲಲ್ಲಿ ಒಂದೇ ಒಂದು ದೊಡ್ಡ ಮರ ಬೆಳೆಸಬೇಕು ಅನ್ನುವವರಿಗೆ

ಮೂರು ವರ್ಷದ ಹಿಂದೆ ಡಿಸೆಂಬರ್ ಕೊನೆಯಲ್ಲಿ ಅಮ್ಮ ಹಾಸನದಿಂದ ನಮ್ಮ ನ್ಯೂಜೆರ್ಸಿ ಮನೆಗೆ ಬಂದರು. ಬಂದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆ ಕಿಟಕಿಯಿಂದ ಹಿತ್ತಲು ನೋಡಿದರು.

"ಏನೋ ಇದು, ಸತ್ತ ಮರ ಇಟ್ಕೊಂಡಿದೀಯ? ಯಾರಿಗಾದ್ರೂ ಹೇಳಿ ಕಡಿಸಬಾರದಾ?"

"ಸತ್ತಿಲ್ಲಮ್ಮ. ಎಲೆ ಉದುರಿಸಿದೆ, ಅಷ್ಟೆ."

"ಕ್ರಿಸ್‌ಮಸ್ ಮರದ ಜಾತಿ ಅಂತ ಫೋನಲ್ಲಿ ಹೇಳಿದ್ದೆ. ಅದೆಲ್ಲಿ ಎಲೆ ಉದುರಿಸುತ್ತೆ?"

ನಾನು ಅವರಿಗೆ ಜಾಕೆಟ್ ಹಾಕಿಸಿ ಹೊರಗೆ ಕರೆದುಕೊಂಡು ಹೋದೆ. ಪೆನ್ಸಿಲ್ ದಪ್ಪದ ಒಂದು ಕೊಂಬೆ ಹಿಡಿದು ಉಗುರಿನಿಂದ ಸ್ವಲ್ಪ ಕೆರೆದೆ. ಕಂದು ಸಿಪ್ಪೆಯ ಕೆಳಗೆ ಹಸಿರು ಗೆರೆ ಕಾಣಿಸಿತು, ನುಗ್ಗೆಕಾಯಿ ಸಿಪ್ಪೆ ಎಳೆದಾಗ ಕಾಣುವಂಥದು. ಅಮ್ಮ ಬಗ್ಗಿ ನೋಡಿ "ಹಸಿ ಇದೆ" ಅಂದರು. ಚಳಿ ತಡೆಯದೆ ಒಳಗೆ ಹೋಗಿಬಿಟ್ಟರು.

ಈ ಮರದ ಹೆಸರು ಡಾನ್ ರೆಡ್‌ವುಡ್. ಸಸ್ಯಶಾಸ್ತ್ರದವರು ಮೆಟಾಸೆಕ್ವೋಯಾ ಅನ್ನುತ್ತಾರೆ. ಪೈನ್, ಸ್ಪ್ರೂಸ್ ಇವುಗಳ ದೊಡ್ಡ ಬಳಗವಾದ ಕೋನಿಫರ್‌ಗಳಲ್ಲಿ ಹೆಚ್ಚಿನವು ವರ್ಷವಿಡೀ ಹಸಿರಾಗಿರುತ್ತವೆ. ಲಾರ್ಚ್, ಗೋಲ್ಡನ್ ಲಾರ್ಚ್, ಬಾಲ್ಡ್ ಸೈಪ್ರೆಸ್, ಡಾನ್ ರೆಡ್‌ವುಡ್ ಇಂಥ ಕೆಲವು ಮಾತ್ರ ಚಳಿಗಾಲಕ್ಕೆ ಪೂರ್ತಿ ಬೋಳಾಗುತ್ತವೆ. ಇವುಗಳಲ್ಲಿ ಹಿತ್ತಲಿನ ನಡುವೆ ಒಂಟಿಯಾಗಿ ನಿಲ್ಲಿಸಿ, ನಾಲ್ಕೂ ಕಡೆಯಿಂದ ನೋಡುವುದಕ್ಕೆ ಡಾನ್ ರೆಡ್‌ವುಡ್‌ನಷ್ಟು ಚೆಂದದ್ದು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಲಾರ್ಚ್ ಇಷ್ಟಪಡುವವರು ಜಗಳಕ್ಕೆ ಬರಬಹುದು, ಬರಲಿ.

ನಾನು ಬರೆಯುತ್ತಿರುವುದು ಅಮೆರಿಕದ ಈಶಾನ್ಯ ಭಾಗದಲ್ಲಿ, ಅದರಲ್ಲೂ ಎಡಿಸನ್, ಬ್ರಿಡ್ಜ್‌ವಾಟರ್ ಸುತ್ತಮುತ್ತ ಸ್ವಲ್ಪ ಜಾಗ ಇರುವ ಮನೆ ಮಾಡಿಕೊಂಡಿರುವವರಿಗೆ. ಬೆಂಗಳೂರಲ್ಲಿ ಬೆಳೆಯಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಈ ಮರಕ್ಕೆ ನಿಜವಾದ ಚಳಿಗಾಲ ಬೇಕು, ಬೆಂಗಳೂರಿನ ಸ್ವೆಟರ್ ಚಳಿ ಸಾಲುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಚಳಿಗಾಲದ ಚಳಿ ನೋಡಿ ಮಾಡಿದ ಹವಾಮಾನ ವಲಯಗಳಲ್ಲಿ 5ರಿಂದ 8ರವರೆಗೆ ಇದು ಆರಾಮಾಗಿ ಬೆಳೆಯುತ್ತದೆ. ನಮ್ಮ ಕಡೆಯ ಹೆಚ್ಚಿನ ಊರುಗಳು 6 ಮತ್ತು 7ರಲ್ಲಿ ಬರುತ್ತವೆ.

ಹಳ್ಳದ ದಂಡೆಯ ಮರ

ನೆಡುವ ಮೊದಲು ಈ ಮರದ ತವರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 1941ರಲ್ಲಿ ಜಪಾನಿನ ಶಿಗೆರು ಮಿಕಿ ಎಂಬ ವಿಜ್ಞಾನಿ ಕಲ್ಲಿನಲ್ಲಿ ಅಚ್ಚಾಗಿ ಉಳಿದಿದ್ದ ಪಳೆಯುಳಿಕೆಗಳನ್ನು ನೋಡಿ ಮೆಟಾಸೆಕ್ವೋಯಾ ಅಂತ ಹೆಸರಿಟ್ಟರು. ಮರ ಅಳಿದುಹೋಗಿ ಲಕ್ಷಾಂತರ ವರ್ಷ ಆಗಿದೆ ಅಂತಲೇ ಎಲ್ಲರ ನಂಬಿಕೆ. ಅದೇ ಹೊತ್ತಿಗೆ ನಡು ಚೀನಾದ ಮೋದಾವೊ ಅನ್ನುವ ಹಳ್ಳಿಯಲ್ಲಿ ಒಂದು ದೊಡ್ಡ ಮರ ಅರಣ್ಯ ಅಧಿಕಾರಿಗಳ ಕಣ್ಣಿಗೆ ಬಿತ್ತು. ಹಳ್ಳಿಯವರಿಗೆ ಅದು ಹೊಸದೇನೂ ಅಲ್ಲ, ಅವರು ಅದನ್ನು ಷುಯಿಷಾನ್ ಅನ್ನುತ್ತಿದ್ದರು. ನೀರಿನ ಫರ್ ಮರ ಅಂತ ಅರ್ಥ. 1948ರಲ್ಲಿ ಹು ಶಿಯಾನ್‌ಸು ಮತ್ತು ಜೆಂಗ್ ವಾನ್‌ಜುನ್ ಇಬ್ಬರೂ ಸೇರಿ, ಬದುಕಿರುವ ಈ ಮರವೂ ಕಲ್ಲಿನಲ್ಲಿದ್ದದ್ದೂ ಒಂದೇ ಕುಲದ್ದು ಅಂತ ಪ್ರಕಟಿಸಿದರು.

ಬಾಸ್ಟನ್ನಿನ ಮರಗಳ ತೋಟವಾದ ಆರ್ನಾಲ್ಡ್ ಆರ್ಬೊರೇಟಮ್‌ನ ಎಲ್ಮರ್ ಮೆರಿಲ್ ಬೀಜ ತರಿಸಲು 250 ಡಾಲರ್ ಕಳಿಸಿದ್ದರು. 1948ರ ಜನವರಿಯಲ್ಲಿ ಬೀಜ ಬಂತು. ಅಲ್ಲಿಂದ ಅದು ಅಮೆರಿಕ, ಯುರೋಪಿನ ತೋಟಗಳಿಗೆಲ್ಲ ಹಂಚಿಹೋಯಿತು. ನ್ಯೂಜೆರ್ಸಿಯ ವಿಲೋವುಡ್ ಆರ್ಬೊರೇಟಮ್‌ನಲ್ಲಿ ಇದರ ಒಂದು ಭಾರಿ ಮರ ಇದೆ. ಸಸಿ ಕೊಳ್ಳುವ ಮೊದಲು ಒಂದು ಭಾನುವಾರ ಹೋಗಿ ಅದರ ಕೆಳಗೆ ನಿಂತು ಬನ್ನಿ. ಇಂಟರ್ನೆಟ್ಟಿನ ಫೋಟೊದಲ್ಲಿ ಗೊತ್ತಾಗದ ಒಂದು ಸಂಗತಿ ಅಲ್ಲಿ ಗೊತ್ತಾಗುತ್ತದೆ: ಇದು ಎಷ್ಟು ದೊಡ್ಡದು ಅನ್ನುವುದು.

ತವರಿನಲ್ಲಿ ಈ ಮರ ಹಳ್ಳದ ದಂಡೆಯಲ್ಲಿ, ಕಣಿವೆಯ ತಳದಲ್ಲಿ, ಭತ್ತದ ಗದ್ದೆಯ ಅಂಚಿನಲ್ಲಿ ನಿಂತಿರುತ್ತದೆ. ಬಿಸಿಲು ಮೇಲೆ, ತಂಪು ಕೆಳಗೆ. ಗದ್ದೆ ಬದುವಿನ ಮರ ಅಂದರೆ ನಮಗೆ ಬೇರೆ ವಿವರಣೆ ಬೇಕಿಲ್ಲ, ಅಲ್ವಾ? ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಇಷ್ಟರಿಂದಲೇ ಹುಟ್ಟಿದ್ದು.

ಮೊದಲು ಟೇಪ್ ಹಿಡಿದು ಜಾಗ ಅಳೆಯಿರಿ

ಸಸಿ ಕೊಳ್ಳುವುದು ಆಮೇಲೆ. ಮೊದಲು ಹಿತ್ತಲಿಗೆ ಹೋಗಿ. ಬೆಳೆದ ಡಾನ್ ರೆಡ್‌ವುಡ್ 70ರಿಂದ 100 ಅಡಿ ಎತ್ತರ ಹೋಗುತ್ತದೆ, 15ರಿಂದ 25 ಅಡಿ ಅಗಲ ಹರಡುತ್ತದೆ. ಅಗಲ ಕಡಿಮೆ ಅನ್ನಿಸಬಹುದು, ಆದರೆ ಬುಡದ ಕತೆ ಬೇರೆ. ಹಳೆಯ ಮರದ ಬುಡ ದೇವಸ್ಥಾನದ ಕಂಬದ ಪೀಠದ ಹಾಗೆ ಉಬ್ಬಿ ಅಗಲವಾಗುತ್ತದೆ. ಬೇರುಗಳು ನೆಲದ ಮೇಲ್ಭಾಗದಲ್ಲೇ ದೂರ ಹರಿಯುತ್ತವೆ. ಡ್ರೈವ್‌ವೇ ಪಕ್ಕ ಹಾಕಿದರೆ ಅದು ಒಂದು ದಿನ ಮೇಲೇಳುತ್ತದೆ.

ನಾನು ಹೇಳುವ ಅಳತೆ ಇದು: ಮನೆಯ ಗೋಡೆಯಿಂದ ಕನಿಷ್ಠ 25 ಅಡಿ, ಪಕ್ಕದ ಮನೆಯ ಬೇಲಿಯಿಂದ 15 ಅಡಿ. ಸೆಪ್ಟಿಕ್ ಟ್ಯಾಂಕ್, ಅದರ ಪೈಪು ಇರುವ ಕಡೆ ಬೇಡವೇ ಬೇಡ. ತಲೆಯೆತ್ತಿ ನೋಡಿ, ಮೇಲೆ ಕರೆಂಟು ತಂತಿ ಇದ್ದರೆ ಆ ಜಾಗವನ್ನೂ ಬಿಡಿ. ತಂತಿಯ ಕೆಳಗಿನ ಮರದ ತುದಿ ಕತ್ತರಿಸಲೇಬೇಕಾಗುತ್ತದೆ. ಕತ್ತರಿಸಿದ ಮೇಲೆ ಗೋಪುರದಂಥ ಆಕಾರ ಹೋಯಿತು. ಆಕಾರ ಹೋದ ಮೇಲೆ ಈ ಮರ ಯಾಕೆ ಬೇಕು?

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಬೇಕು. ಓಕ್ ಮರಗಳ ನೆರಳಲ್ಲಿ ಹಾಕಿದರೆ ಬದುಕುತ್ತದೆ, ಆದರೆ ಕೆಳಗಿನ ಕೊಂಬೆ ಒಣಗಿ ಕಡ್ಡಿ ಕಡ್ಡಿಯಾಗಿ ಕಾಣುತ್ತದೆ.

ಇನ್ನು ನೀರು. ಹಿತ್ತಲಲ್ಲಿ ಮಳೆ ಬಂದಾಗ ಎರಡು ದಿನ ಒದ್ದೆಯಾಗಿಯೇ ಉಳಿಯುವ, ಹುಲ್ಲು ಸರಿಯಾಗಿ ಬಾರದ ಒಂದು ತಗ್ಗು ಇರುತ್ತಲ್ಲ, ಎಲ್ಲರೂ ಬೈದುಕೊಳ್ಳುವ ಜಾಗ? ಈ ಮರಕ್ಕೆ ಅದು ಸ್ವರ್ಗ. ಒಂದೇ ಎಚ್ಚರಿಕೆ ಅಂದರೆ ತಗ್ಗಿನಲ್ಲಿ ತಣ್ಣನೆಯ ಗಾಳಿಯೂ ಬಂದು ಕೂರುತ್ತದೆ. ಸುತ್ತ ಎತ್ತರ ಇದ್ದು ನಡುವೆ ಬಟ್ಟಲಿನಂತಿರುವ ಜಾಗದಲ್ಲಿ ಏಪ್ರಿಲ್ ಕೊನೆಯ ಹೆಪ್ಪುಗಟ್ಟಿದ ಇಬ್ಬನಿ ಚಿಗುರನ್ನು ಸುಡುತ್ತದೆ. ಬಟ್ಟಲಿನ ತಳ ಬಿಟ್ಟು ಸ್ವಲ್ಪ ಮೇಲಕ್ಕೆ, ಇಳಿಜಾರಿನ ಕೆಳತುದಿಯಲ್ಲಿ ನೆಡಿ. ನೀರು ವರ್ಷವಿಡೀ ನಿಂತೇ ಇರುತ್ತದೆ ಅಂದರೆ ಡಾನ್ ರೆಡ್‌ವುಡ್ ಬಿಟ್ಟು ಬಾಲ್ಡ್ ಸೈಪ್ರೆಸ್ ತನ್ನಿ. ಅದು ಕೆರೆಯೊಳಗೇ ನಿಲ್ಲುವ ಮರ.

ನಮ್ಮ ಕಡೆಯ ಕೆಂಪು ಜೇಡಿಮಣ್ಣಿನ ಬಗ್ಗೆ ಎಲ್ಲರೂ ಗೊಣಗುತ್ತಾರೆ. ಈ ಮರ ಗೊಣಗುವುದಿಲ್ಲ. ಮಣ್ಣು ಸ್ವಲ್ಪ ಹುಳಿಯಾಗಿದ್ದರೆ ಅದಕ್ಕೆ ಇಷ್ಟ, ಸುಣ್ಣದ ಅಂಶ ಜಾಸ್ತಿ ಇದ್ದರೆ ಎಲೆ ಹಳದಿಯಾಗುತ್ತದೆ. ಹುಲ್ಲುಹಾಸಿಗೆ ವರ್ಷ ವರ್ಷ ಸುಣ್ಣ ಹಾಕಿಸುವ ಮನೆಗಳವರು ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮಣ್ಣು ಕಳಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಉಳಿದವರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸಸಿ ಕೊಳ್ಳುವಾಗ

ನರ್ಸರಿಯಲ್ಲಿ ಡಾನ್ ರೆಡ್‌ವುಡ್ ಮತ್ತು ಬಾಲ್ಡ್ ಸೈಪ್ರೆಸ್ ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಚೀಟಿ ಅದಲುಬದಲಾಗುವುದೂ ಉಂಟು. ಗುರುತು ಸುಲಭ. ಒಂದು ಸಣ್ಣ ಎಲೆಗೊಂಚಲು ಹಿಡಿದು ನೋಡಿ. ನಡುವಿನ ಎಳೆಯ ಎರಡೂ ಬದಿಗೆ ಸೂಜಿಯಂಥ ಎಲೆಗಳು ಜೋಡಿಜೋಡಿಯಾಗಿ, ಎದುರುಬದುರಾಗಿ ಇದ್ದರೆ ಡಾನ್ ರೆಡ್‌ವುಡ್. ಒಂದು ಈ ಕಡೆ, ಸ್ವಲ್ಪ ಮೇಲೆ ಇನ್ನೊಂದು ಆ ಕಡೆ ಹೀಗೆ ಹೆಜ್ಜೆ ಹಾಕಿದಂತಿದ್ದರೆ ಬಾಲ್ಡ್ ಸೈಪ್ರೆಸ್. ಸೂಜಿ ಅಂದೆ, ಆದರೆ ಚುಚ್ಚುವುದಿಲ್ಲ. ಅರ್ಧ ಇಂಚು ಉದ್ದ, ಮುಟ್ಟಿದರೆ ನಾಚಿಕೆಮುಳ್ಳಿನ ಎಲೆಯಷ್ಟೇ ಮೆತ್ತಗೆ.

ದೊಡ್ಡ ಸಸಿ ಬೇಡ. 12 ಅಡಿ ಎತ್ತರದ್ದು ತಂದರೆ ಮೊದಲ ದಿನವೇ ತೋಟ ತುಂಬಿದಂತೆ ಕಾಣುತ್ತದೆ ನಿಜ. ಆದರೆ ಅದನ್ನು ಹೊಲದಿಂದ ಅಗೆದು ತೆಗೆಯುವಾಗ ಬಹುಪಾಲು ಬೇರು ಅಲ್ಲೇ ಉಳಿದಿರುತ್ತದೆ. ಎರಡು ಮೂರು ವರ್ಷ ಬೇರು ಕಟ್ಟಿಕೊಳ್ಳುವುದರಲ್ಲೇ ಕಳೆಯುತ್ತದೆ. ಕುಂಡದಲ್ಲಿ ಬೆಳೆದ 4–5 ಅಡಿಯ ಸಸಿ ಅಷ್ಟರೊಳಗೆ ಅದನ್ನು ಹಿಡಿದುಬಿಡುತ್ತದೆ. ಬೇರು ಹಿಡಿದ ಮೇಲೆ ವರ್ಷಕ್ಕೆ ಎರಡರಿಂದ ಮೂರು ಅಡಿ ಏರುವ ಮರ ಇದು. ನಮ್ಮದು 5 ಅಡಿ ಇದ್ದಾಗ ನೆಟ್ಟದ್ದು, ಒಂಬತ್ತು ವರ್ಷಕ್ಕೆ 26 ಅಡಿ ಆಗಿದೆ.

ಸುಳಿ ಒಂದೇ ಇರಬೇಕು. ಎರಡು ಸುಳಿ ಪೈಪೋಟಿಗೆ ಬಿದ್ದಿರುವ ಸಸಿ ಅಗ್ಗಕ್ಕೆ ಕೊಟ್ಟರೂ ಬಿಡಿ. ಕುಂಡದಿಂದ ಸ್ವಲ್ಪ ಎಬ್ಬಿಸಿ ಬೇರು ನೋಡಲು ಸಂಕೋಚ ಬೇಡ. ಬೇರು ಸಿಂಬೆಯ ಹಾಗೆ ಸುತ್ತಿಕೊಂಡಿದ್ದರೆ ಬೇರೆ ಸಸಿ ಕೇಳಿ.

ಬಂಗಾರದ ಬಣ್ಣದ ಎಲೆಯ ಓಗೊನ್ ಅನ್ನುವ ತಳಿ ಇದೆ, ಅಂಗಡಿಯಲ್ಲಿ ಗೋಲ್ಡ್ ರಷ್ ಹೆಸರಿನಲ್ಲೂ ಸಿಗುತ್ತದೆ. ಇದನ್ನು ಸಣ್ಣ ಮರ ಅಂದುಕೊಂಡು ಬಾಗಿಲ ಪಕ್ಕ ನೆಟ್ಟವರನ್ನು ನೋಡಿದ್ದೇನೆ. ಹಸಿರಿನದಕ್ಕಿಂತ ನಿಧಾನ, ಆದರೆ ಅದೂ ದೊಡ್ಡ ಮರವೇ. ಜಾಗ ನಿಜಕ್ಕೂ ಕಡಿಮೆ ಇದ್ದರೆ ಜೋಲುವ ಕೊಂಬೆಯ ಮಿಸ್ ಗ್ರೇಸ್ ಎಂಬ ತಳಿ ನೋಡಿ. ಅದು ಗೋಪುರವಾಗುವುದಿಲ್ಲ, ಕೂದಲು ಬಿಚ್ಚಿ ನಿಂತವರ ಹಾಗಿರುತ್ತದೆ. ನನಗೆ ಅಷ್ಟೇನೂ ಇಷ್ಟವಿಲ್ಲ, ಹೆಂಡತಿಗೆ ಇಷ್ಟ.

ಯಾವಾಗ ನೆಡಬೇಕು? ಟಿಕೆಟ್ ನೋಡಿ

ಪುಸ್ತಕದ ಉತ್ತರ: ವಸಂತದಲ್ಲಿ ಹೆಪ್ಪುಗಟ್ಟಿದ ನೆಲ ಕರಗಿದ ಮೇಲೆ, ಇಲ್ಲವೇ ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದೊಳಗೆ. ನಮ್ಮಂಥವರಿಗೆ ಉತ್ತರ: ಊರಿಗೆ ಹೋಗುವ ಟಿಕೆಟ್ ಯಾವಾಗಿದೆ ನೋಡಿಕೊಂಡು.

ಇದು ಅನುಭವದ ಮಾತು. ನಾನು ಮೊದಲ ಡಾನ್ ರೆಡ್‌ವುಡ್ ನೆಟ್ಟದ್ದು ಒಂದು ಮೇ ತಿಂಗಳಲ್ಲಿ, ಗ್ಯಾರೇಜ್ ಪಕ್ಕದ ಇಳಿಜಾರಿನ ಮೇಲ್ತುದಿಯಲ್ಲಿ. ಜೂನಲ್ಲಿ ಮಕ್ಕಳಿಗೆ ರಜಾ ಶುರುವಾಯಿತು. ಜುಲೈ ಮೊದಲ ವಾರ ಎಲ್ಲರೂ ಹಾಸನಕ್ಕೆ ಹೋದೆವು. ಐದು ವಾರ. ಅಲ್ಲಿ ಜಿಟಿಜಿಟಿ ಮಳೆ, ಅಂಗಳದಲ್ಲಿ ಪಾಚಿ. ಇಲ್ಲಿ ಒಂದು ಹನಿ ಇಲ್ಲ. ಹುಲ್ಲಿಗೆ ಹಾಕಿದ್ದ ಸ್ಪ್ರಿಂಕ್ಲರ್ ಮರಕ್ಕೂ ಸಾಕು ಅಂದುಕೊಂಡಿದ್ದೆ. ಸ್ಪ್ರಿಂಕ್ಲರ್ ಹುಲ್ಲಿನ ಬೇರಿನಷ್ಟು ಆಳಕ್ಕೆ ನೀರು ಕೊಡುತ್ತದೆ, ಅಷ್ಟೆ. ಆಗಸ್ಟಿನಲ್ಲಿ ಟ್ಯಾಕ್ಸಿಯಿಂದ ಇಳಿದಾಗ ಸಸಿ ಚಹಾಪುಡಿಯ ಬಣ್ಣಕ್ಕೆ ತಿರುಗಿ ನಿಂತಿತ್ತು. ಉಗುರಿನಿಂದ ಕೆರೆದೆ. ತುದಿಯಿಂದ ಬುಡದವರೆಗೆ ಎಲ್ಲೂ ಹಸಿರಿಲ್ಲ.

ಹಾಗಾಗಿ ಬೇಸಿಗೆಯಲ್ಲಿ ಊರಿಗೆ ಹೋಗುವವರು ವಾಪಸ್ ಬಂದ ಮೇಲೆ, ಸೆಪ್ಟೆಂಬರಿನಲ್ಲಿ ನೆಡಿ. ಬಿಸಿಲು ಇಳಿದಿರುತ್ತದೆ, ನೆಲ ಇನ್ನೂ ಬೆಚ್ಚಗಿರುತ್ತದೆ, ಎಲೆ ಉದುರುವ ಮೊದಲು ಬೇರು ಸ್ವಲ್ಪ ಹಿಡಿಯುತ್ತದೆ. ಮುಂದಿನ ಬೇಸಿಗೆಗೂ ಯಾರಾದರೂ ನೀರು ಹಾಕುವವರು ಬೇಕು, ಅದನ್ನು ಮರೆಯಬೇಡಿ. ಮೊದಲ ಎರಡು ಬೇಸಿಗೆ ದಾಟಿಸಿದರೆ ಆಮೇಲೆ ಚಿಂತೆ ಕಡಿಮೆ.

ಗುಂಡಿ ತೋಡುವುದು, ನೆಡುವುದು

ಗುದ್ದಲಿ ಹಿಡಿಯುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸು, ಕರೆಂಟು, ಕೇಬಲ್ ಎಲ್ಲಿ ಹೋಗಿದೆ ಅಂತ ನೆಲದ ಮೇಲೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ. ದುಡ್ಡು ಕೊಡಬೇಕಿಲ್ಲ. ಬಡಾವಣೆಯ ಸಂಘ ಇದ್ದರೆ ಅವರ ಅನುಮತಿಯನ್ನೂ ಈಗಲೇ ಕೇಳಿಬಿಡಿ.

ಗುಂಡಿ ಅಗಲ ಇರಲಿ, ಆಳ ಬೇಡ. ಬೇರಿನ ಹೆಂಟೆಯ ಎರಡರಿಂದ ಮೂರು ಪಟ್ಟು ಅಗಲ. ಆಳ ಹೆಂಟೆಯ ಎತ್ತರದಷ್ಟೇ, ಒಂದು ಇಂಚು ಕಡಿಮೆ ಇದ್ದರೂ ನಡೆಯುತ್ತದೆ. ತೆಂಗಿನ ಸಸಿಗೆ ಮೂರಡಿ ಗುಂಡಿ ತೋಡಿ ಕೆಳಗಿಳಿಸಿದ್ದನ್ನು ನೋಡಿ ಬೆಳೆದ ನಮಗೆ ಇದು ತಪ್ಪು ಅನ್ನಿಸುತ್ತದೆ. ಕೈ ತಾನಾಗಿ ಆಳಕ್ಕೆ ಹೋಗುತ್ತದೆ. ತಡೆಯಿರಿ. ಈ ಮರದ ಬೇರು ಹರಡುವುದು ಪಕ್ಕಕ್ಕೆ. ಆಳಕ್ಕೆ ಹೂತರೆ ಕಾಂಡದ ಬುಡ ಮಣ್ಣೊಳಗೆ ಉಸಿರುಗಟ್ಟಿ ಕೊಳೆಯುತ್ತದೆ.

ಜೇಡಿಮಣ್ಣಿನಲ್ಲಿ ಸಲಿಕೆ ತಾಗಿದ ಗುಂಡಿಯ ಗೋಡೆ ಗಾರೆ ಮಾಡಿದಂತೆ ನುಣುಪಾಗಿಬಿಡುತ್ತದೆ. ಬೇರು ಅದನ್ನು ದಾಟಲು ಒದ್ದಾಡುತ್ತದೆ. ಹಾರೆಯ ತುದಿಯಿಂದ ಅಲ್ಲಲ್ಲಿ ಕುಕ್ಕಿ ಒರಟು ಮಾಡಿ.

ಸಸಿಯನ್ನು ಕುಂಡದಿಂದ ತೆಗೆದ ಮೇಲೆ ಮೇಲಿನ ಮಣ್ಣನ್ನು ಬೆರಳಿನಿಂದ ಕೆರೆದು ನೋಡಿ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಸಿಗಬೇಕು. ಎಷ್ಟೋ ಸಲ ನರ್ಸರಿಯಲ್ಲೇ ಅದು ಎರಡು ಮೂರು ಇಂಚು ಮುಚ್ಚಿಹೋಗಿರುತ್ತದೆ. ಆ ಜಾಗ ನೆಲದ ಮಟ್ಟಕ್ಕೆ ಅಥವಾ ಒಂದು ಚೂರು ಮೇಲೆ ಬರುವಂತೆ ಕೂರಿಸಿ. ಸುತ್ತಿಕೊಂಡ ಬೇರಿದ್ದರೆ ಚಾಕುವಿನಿಂದ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಗೀರಿ ಬಿಡಿಸಿ. ಗೋಣಿಬಟ್ಟೆ, ತಂತಿಯ ಬುಟ್ಟಿ ಸುತ್ತಿದ ದೊಡ್ಡ ಸಸಿಯಾದರೆ ಗುಂಡಿಯಲ್ಲಿ ಕೂರಿಸಿದ ಮೇಲೆ ಹಗ್ಗ ಪೂರ್ತಿ ತೆಗೆಯಿರಿ, ಬಟ್ಟೆ ಮತ್ತು ತಂತಿಯನ್ನು ಆದಷ್ಟು ಕತ್ತರಿಸಿ ಹಾಕಿ.

ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಗೊಬ್ಬರ, ಪೀಟ್ (ಜೌಗುನೆಲದ ಕೊಳೆತ ಪಾಚಿ), ಅಂಗಡಿಯ ಚೀಲದ ಮಣ್ಣು ಏನೂ ಬೆರೆಸಬೇಡಿ. ಗುಂಡಿಯೊಳಗೆ ಮಾತ್ರ ಮೃಷ್ಟಾನ್ನ ಇಟ್ಟರೆ ಬೇರು ಹೊರಗೆ ಹೋಗುವ ಉಸಾಬರಿಗೇ ಹೋಗುವುದಿಲ್ಲ. ಅರ್ಧ ತುಂಬಿದಾಗ ಒಂದು ಬಕೆಟ್ ನೀರು ಸುರಿದು ಇಂಗಲು ಬಿಡಿ. ಕಾಲಿನಿಂದ ತುಳಿದು ಗಟ್ಟಿ ಮಾಡುವುದು ಬೇಡ, ನೀರೇ ಮಣ್ಣನ್ನು ಕೂರಿಸುತ್ತದೆ. ಉಳಿದದ್ದು ತುಂಬಿ, ಸುತ್ತ ಮೂರು ಇಂಚು ಎತ್ತರದ ಏರಿ ಕಟ್ಟಿ ಪಾತಿ ಮಾಡಿ.

ಆಸರೆಗೆ ಕೋಲು ಸಾಮಾನ್ಯವಾಗಿ ಬೇಕಿಲ್ಲ. ಗಾಳಿ ಹೊಡೆಯುವ ಜಾಗವಾದರೆ ಕಟ್ಟಿ, ಆದರೆ ಒಂದು ವರ್ಷಕ್ಕೆ ಬಿಚ್ಚಿ. ಸಸಿ ಸ್ವಲ್ಪ ಅಲ್ಲಾಡಿದರೇನೇ ಕಾಂಡ ದಪ್ಪವಾಗುವುದು.

ಮುಚ್ಚಿಗೆ: ಇಡ್ಲಿ ಅಲ್ಲ, ರೊಟ್ಟಿ

ಮಲ್ಚ್ ಅಂತ ಎಲ್ಲರೂ ಹಾಕಿಸುವ ಮರದ ಚೂರಿನ ಮುಚ್ಚಿಗೆ ಈ ಮರಕ್ಕೆ ಬಹಳ ಒಳ್ಳೆಯದು. ನೆಲ ತಂಪಾಗಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಕಾಂಡದ ಹತ್ತಿರ ಬರುವುದಿಲ್ಲ. ಆದರೆ ಹಾಕುವ ರೀತಿಯಲ್ಲಿ ಹತ್ತು ಮನೆಗಳಲ್ಲಿ ಎಂಟು ಮನೆಯವರು ತಪ್ಪು ಮಾಡುತ್ತಾರೆ. ಕಾಂಡಕ್ಕೆ ಒತ್ತಿ ಗುಡ್ಡೆ ಮಾಡಿಬಿಡುತ್ತಾರೆ. ನಾನು ಮನೆಯಲ್ಲಿ ಇಲ್ಲದಾಗ ಹುಲ್ಲು ನೋಡಿಕೊಳ್ಳುವವರು ನಮ್ಮ ಮರಕ್ಕೂ ಅಡಿಯೆತ್ತರದ ಗುಡ್ಡೆ ಹಾಕಿ ಹೋಗಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಸಂಜೆ ಕೂತು ಕೈಯಲ್ಲಿ ಎಳೆದೆಳೆದು ತೆಗೆದೆ. ಆ ಗುಡ್ಡೆಯೊಳಗೆ ಒದ್ದೆ ಉಳಿದು ತೊಗಟೆ ಕೊಳೆಯುತ್ತದೆ, ಚಳಿಗಾಲದಲ್ಲಿ ಇಲಿಗಳು ಬೆಚ್ಚಗೆ ಕೂತು ತೊಗಟೆ ಕೆರೆಯುತ್ತವೆ.

ನಾಲ್ಕೈದು ಅಡಿ ಅಗಲದ ವೃತ್ತ, ಎರಡು ಮೂರು ಇಂಚು ದಪ್ಪ, ಕಾಂಡದಿಂದ ನಾಲ್ಕು ಬೆರಳು ದೂರ. ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಮರ ಬೆಳೆದಂತೆ ವೃತ್ತವನ್ನೂ ದೊಡ್ಡದು ಮಾಡುತ್ತಾ ಹೋಗಿ.

ನೀರು

ಇದೊಂದನ್ನು ಸರಿಯಾಗಿ ಮಾಡಿದರೆ ಬೇರೆ ತಪ್ಪುಗಳನ್ನು ಮರ ಕ್ಷಮಿಸುತ್ತದೆ. ಐದು ಗ್ಯಾಲನ್ ಬಕೆಟ್ಟಿನ ತಳಕ್ಕೆ ಮೊಳೆಯಿಂದ ಎರಡು ಸಣ್ಣ ತೂತು ಮಾಡಿ. ಬಕೆಟ್ ತುಂಬಿಸಿ ಪಾತಿಯ ಅಂಚಿನಲ್ಲಿ ಇಡಿ. ಒಂದು ಗಂಟೆಯಲ್ಲಿ ತೊಟ್ಟಿಕ್ಕಿ ಖಾಲಿಯಾಗುತ್ತದೆ, ನೀರು ಆಳಕ್ಕಿಳಿಯುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ವಾರಗಳಲ್ಲಿ ಮೂರು ಸಲ. ಎರಡನೇ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಆದರೆ ಎರಡು ಬಕೆಟ್. ಮುಚ್ಚಿಗೆ ಸರಿಸಿ ಬೆರಳು ಎರಡು ಗೆಣ್ಣು ಇಳಿಸಿ ನೋಡಿ. ತಣ್ಣಗೆ, ಅಂಟಿಕೊಳ್ಳುವಂತಿದ್ದರೆ ಆವತ್ತು ಬೇಡ.

ಸೋಮಾರಿಗಳಿಗೆ, ಅಂದರೆ ನನ್ನಂಥವರಿಗೆ, ಕಾಂಡಕ್ಕೆ ಸುತ್ತುವ 20 ಗ್ಯಾಲನ್ನಿನ ನೀರಿನ ಚೀಲ ಸಿಗುತ್ತದೆ. ಊರಿಗೆ ಹೋಗುವಾಗ ಪಕ್ಕದ ಮನೆಯ ಹುಡುಗನಿಗೆ ಹತ್ತು ಡಾಲರ್ ಕೊಟ್ಟು "ವಾರಕ್ಕೊಂದು ಸಲ ಈ ಚೀಲ ತುಂಬಿಸಪ್ಪ" ಅಂದರೆ ಸಾಕು. ಎರಡನೇ ಮರ ಉಳಿದದ್ದೇ ಹಾಗೆ. ಚಳಿಗಾಲಕ್ಕೆ ಮುಂಚೆ ಚೀಲ ಬಿಚ್ಚಿಡಿ.

ಮಳೆಯಿಲ್ಲದ ಆಗಸ್ಟಿನಲ್ಲಿ ಬಲಿತ ಮರವೂ ಒಳಗಿನ ಎಲೆಗಳನ್ನು ಕಂದು ಮಾಡಿಕೊಂಡು ಬೇಗ ಉದುರಿಸುತ್ತದೆ. ಅದು ರೋಗ ಅಲ್ಲ, ಬಾಯಾರಿಕೆ.

ಗೊಬ್ಬರದ ಬಗ್ಗೆ ಒಂದೇ ಮಾತು: ಮೊದಲ ವರ್ಷ ಬೇಡ, ಆಮೇಲೂ ಜುಲೈ ನಂತರ ಬೇಡ. ಈ ಮರ ಶರತ್ಕಾಲದಲ್ಲೂ ಬೆಳೆಯುತ್ತಲೇ ಇರುವ ಸ್ವಭಾವದ್ದು. ತಡವಾಗಿ ಗೊಬ್ಬರ ಕೊಟ್ಟರೆ ಎಳೆ ಕುಡಿ ಬಲಿಯುವ ಮೊದಲೇ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ.

ಜಿಂಕೆ, ದುಂಬಿ, ಕತ್ತರಿ

ನಮ್ಮ ಕಡೆಯ ಜಿಂಕೆಗಳು ದಾಸವಾಳ, ಗುಲಾಬಿ, ಹೋಸ್ಟಾ ಏನೂ ಬಿಡುವುದಿಲ್ಲ. ಈ ಮರದ ಎಲೆಯನ್ನು ಮಾತ್ರ ಅಷ್ಟಾಗಿ ಮುಟ್ಟುವುದಿಲ್ಲ. ಅಂತ ನಾನು ನಿಶ್ಚಿಂತೆಯಾಗಿದ್ದೆ. ಮೂರನೇ ವರ್ಷ ನವೆಂಬರಿನಲ್ಲಿ ಬೆಳಿಗ್ಗೆ ನೋಡಿದರೆ ಕಾಂಡದ ಒಂದು ಬದಿ ಎರಡು ಅಡಿ ಉದ್ದಕ್ಕೆ ಸುಲಿದುಹೋಗಿತ್ತು. ತೊಗಟೆ ತೆಂಗಿನ ನಾರಿನ ಹಾಗೆ ಜೋತಾಡುತ್ತಿತ್ತು. ಗಂಡು ಜಿಂಕೆ ಕೊಂಬು ತಿಕ್ಕಿದ ಕೆಲಸ. ಬೆದೆಗೆ ಬಂದ ಕಾಲದಲ್ಲಿ ಅವು ತೋಳಿನ ದಪ್ಪದ, ನೆಟ್ಟಗಿನ ಕಾಂಡ ಹುಡುಕುತ್ತವೆ. ಪೂರ್ತಿ ಸುತ್ತ ಸುಲಿದಿದ್ದರೆ ಮರ ಹೋಗುತ್ತಿತ್ತು. ಸೆಪ್ಟೆಂಬರ್ ಮುಗಿಯುವುದರೊಳಗೆ ಐದು ಅಡಿ ಎತ್ತರದ ತಂತಿ ಬಲೆ ಸುತ್ತಿ, ಕಾಂಡಕ್ಕೆ ತಾಗದ ಹಾಗೆ. ಕಾಂಡ ಆರು ಇಂಚು ದಪ್ಪ ಆಗುವವರೆಗೆ ಪ್ರತಿ ವರ್ಷ ಇದು ಕಡ್ಡಾಯ.

ಕೀಟದ ಕಾಟ ಹೆಚ್ಚಿಲ್ಲ. ಜುಲೈನಲ್ಲಿ ತಾಮ್ರದ ಬಣ್ಣದ ರೆಕ್ಕೆಯ ಜಪಾನಿ ದುಂಬಿಗಳು ಎಲೆ ತಿನ್ನುತ್ತವೆ. ಬೆಳಿಗ್ಗೆ ತಣ್ಣಗಿರುವಾಗ ಕೊಂಬೆ ಅಲ್ಲಾಡಿಸಿ ಸಾಬೂನು ನೀರಿನ ಡಬ್ಬಕ್ಕೆ ಕೆಡವಿ. ಒಣ ಬಿಸಿಲಿನಲ್ಲಿ ನುಸಿ ಬಂದು ಎಲೆ ಮಂಕಾದರೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ಔಷಧಿ ಹೊಡೆಯುವ ಅಗತ್ಯ ನನಗೆ ಇವತ್ತಿನವರೆಗೆ ಬಂದಿಲ್ಲ.

ಕತ್ತರಿಯನ್ನು ಆದಷ್ಟು ದೂರ ಇಡಿ. ಹೆಪ್ಪುಗಟ್ಟಿದ ಇಬ್ಬನಿಗೆ ಸುಳಿ ಸುಟ್ಟರೆ ಅದರ ಜಾಗಕ್ಕೆ ಎರಡು ಮೂರು ಕುಡಿ ಎದ್ದು ನಿಲ್ಲುತ್ತವೆ. ನೆಟ್ಟಗಿರುವ ಒಂದನ್ನು ಉಳಿಸಿ ಬಾಕಿಯದನ್ನು ತೆಗೆಯಿರಿ, ಇಷ್ಟೇ ಕೆಲಸ. ಹುಲ್ಲು ಕತ್ತರಿಸಲು ಅಡ್ಡ ಅಂತ ಕೆಳಗಿನ ಕೊಂಬೆ ಸವರುವವರೇ ಜಾಸ್ತಿ. ಅದು ಬೇಡ. ಬುಡ ಉಬ್ಬಿ, ಮೇಲೆ ಹೋದಂತೆ ಸಪೂರವಾಗುವ ಕಾಂಡ ಚೆನ್ನಾಗಿ ಬರುವುದು ಕೆಳಗಿನ ಕೊಂಬೆಗಳು ನೆಲದ ಹತ್ತಿರದವರೆಗೆ ಇದ್ದಾಗಲೇ. ಆ ಕೊಂಬೆಗಳ ಕಂಕುಳಲ್ಲಿ ಕಾಂಡ ಒಳಕ್ಕೆ ತಗ್ಗಾಗಿ ಗುಳಿ ಬೀಳುತ್ತದೆ. ಬೇರೆ ಯಾವ ಮರದಲ್ಲೂ ನಾನು ಅದನ್ನು ಅಷ್ಟು ಎದ್ದು ಕಾಣುವ ಹಾಗೆ ನೋಡಿಲ್ಲ.

ವರ್ಷದ ಬಣ್ಣಗಳು, ಮತ್ತು ಹೆದರದೆ ಇರುವುದು

ಏಪ್ರಿಲ್ ಮಧ್ಯದಲ್ಲಿ ಕೊಂಬೆಗಳ ಮೇಲೆ ಅಕ್ಕಿಕಾಳಿನಷ್ಟು ಹಸಿರು ಚುಕ್ಕೆ ಏಳುತ್ತವೆ. ಹತ್ತು ದಿನದಲ್ಲಿ ಇಡೀ ಮರ ಎಳೆ ಬಾಳೆ ಸುಳಿಯ ಬಣ್ಣ. ಅಕ್ಟೋಬರ್ ಕೊನೆಗೆ ಹಸಿರು ಮಾಸಿ, ಇಟ್ಟಿಗೆ ಬಣ್ಣ ಬಂದು, ನವೆಂಬರಿನಲ್ಲಿ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು. ಆಮೇಲೆ ಒಂದೇ ವಾರದಲ್ಲಿ ಸುರಿಯುತ್ತದೆ. ಒಂದೊಂದು ಸೂಜಿಯಾಗಿ ಅಲ್ಲ, ಇಡೀ ಎಲೆಗೊಂಚಲುಗಳು ಗರಿಯ ಹಾಗೆ ಉದುರುತ್ತವೆ. ಅದನ್ನು ಗುಡಿಸಿ ಚೀಲಕ್ಕೆ ತುಂಬಬೇಡಿ, ಮರದ ಬುಡಕ್ಕೇ ಬಿಡಿ. ಮನೆಯ ಸೂರಿನ ನೀರುಕಾಲುವೆಗೆ ಬಿದ್ದದ್ದನ್ನು ಮಾತ್ರ ತೆಗೆಯಿರಿ.

ಆಮೇಲಿನ ಐದು ತಿಂಗಳು ಕಷ್ಟದ್ದು. ನಿಮಗಲ್ಲ, ನೋಡುವವರಿಗೆ. ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕ್ಯೂ ನಿಂತಾಗ ಪರಿಚಯದವರೊಬ್ಬರು ಹೇಳಿದ್ದು: ಅವರು ಮನೆ ಕೊಂಡದ್ದು ಜನವರಿಯಲ್ಲಿ. ಹಿತ್ತಲಲ್ಲಿ ಒಣಗಿದ ಪೈನ್ ಜಾತಿಯ ಮರ ಇದೆ ಅಂತ ಫೆಬ್ರವರಿಯಲ್ಲಿ ಕಡಿಸಿ ಹಾಕಿದರಂತೆ. ಕೊಂಬೆಯ ಕೆಳಗೆ ಸಣ್ಣ ಮೊಗ್ಗುಗಳಿದ್ದವು, ತೊಗಟೆ ನಾರುನಾರಾಗಿ ಕೆಂಪಗಿತ್ತು ಅಂದರು. ನಾನು ದೋಸೆ ತಿನ್ನುತ್ತಾ ಸುಮ್ನೆ ಇದ್ದುಬಿಟ್ಟೆ. ಸಾಮಾನ್ಯವಾಗಿ ಮರಗಳಲ್ಲಿ ಮೊಗ್ಗು ಕೊಂಬೆಯ ಮೇಲಿನ ಕಂಕುಳಲ್ಲಿ ಕೂರುತ್ತದೆ. ಇದರಲ್ಲಿ ಕೆಳಗೆ ಅಥವಾ ಪಕ್ಕದಲ್ಲಿ ಕೂರುತ್ತದೆ. ಚಳಿಗಾಲದಲ್ಲಿ ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಲಕ್ಷಣ ಬೇರಿಲ್ಲ.

ಅನುಮಾನ ಬಂದರೆ ಉಗುರಿನಿಂದ ಕೆರೆಯಿರಿ. ತುದಿಯಲ್ಲಿ ಹಸಿರಿಲ್ಲದಿದ್ದರೆ ಕೆಳಗೆ, ಅಲ್ಲೂ ಇಲ್ಲದಿದ್ದರೆ ಇನ್ನೂ ಕೆಳಗೆ. ಮೇ ಕೊನೆಯವರೆಗೂ ಎಲ್ಲೂ ಹಸಿರು ಕಾಣದಿದ್ದರೆ ಮಾತ್ರ ಗರಗಸದ ಮಾತು.

ಕಡ್ಡಿ ನೆಟ್ಟು ಸಸಿ ಮಾಡುವುದು

ಒಂಟಿ ಮರದ ಬೀಜದಲ್ಲಿ ಹೆಚ್ಚಿನವು ಜೊಳ್ಳು. ಆದರೆ ಎಳೆಯ ಮರದ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ. ಜೂನ್ ಕೊನೆಯಲ್ಲಿ, ಈ ವರ್ಷ ಬೆಳೆದ ಮೆತ್ತನೆಯ ಕುಡಿಯಿಂದ ಗೇಣಿಗಿಂತ ಸ್ವಲ್ಪ ಚಿಕ್ಕ ತುಂಡು ಕತ್ತರಿಸಿ. ಕೆಳಗಿನ ಅರ್ಧದ ಎಲೆ ತೆಗೆದು, ಬೇರು ಬರಿಸುವ ಪುಡಿಗೆ ಅದ್ದಿ, ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಮತ್ತು ಪೀಟ್ ಸಮಸಮ ಬೆರೆಸಿದ ಕುಂಡಕ್ಕೆ ಸಿಕ್ಕಿಸಿ. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡಿ. ಎರಡು ತಿಂಗಳೊಳಗೆ ಬೇರು ಬರುತ್ತದೆ. ಮೊದಲ ಚಳಿಗಾಲ ಬಿಸಿ ಇಲ್ಲದ ಗ್ಯಾರೇಜಿನಲ್ಲಿ ಕಳೆಯಲಿ, ತಿಂಗಳಿಗೊಮ್ಮೆ ಸ್ವಲ್ಪ ನೀರು. ಊರಿಗೆ ಹೋಗುವ ವರ್ಷ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೋದ ವರ್ಷ ಏಳು ಕಡ್ಡಿ ಹಾಕಿದ್ದೆ, ಐದು ಬಂದವು. ಮೂರನ್ನು ಕೊಟ್ಟಾಯಿತು. ಒಂದು ಕಡಿಸಿದವರ ಮನೆಗೇ ಹೋಯಿತು, ಅವರೇ ಕೇಳಿದರು. ಇನ್ನೆರಡು ಗ್ಯಾರೇಜ್ ಪಕ್ಕ ಕೂತಿವೆ. ಕೇಳಿ ಬಂದವರ ಕೈಗೆ ಮೊದಲು ಟೇಪ್ ಕೊಡುತ್ತೇನೆ, ಹೋಗಿ ಹಿತ್ತಲು ಅಳೆದುಕೊಂಡು ಬನ್ನಿ ಅಂತ.